ಮನೆಯ ಸಂಗ್ರಹ ಸರ್ವರ್: ಇಸಿಸಿ ಮೆಮೊರಿಗೆ ಹೊಂದುವ ಬೋರ್ಡಿನ ಆಯ್ಕೆ

ಧಾರವಾಡದ ನಮ್ಮ ಮನೆಯಲ್ಲಿ ತಂದೆಯವರು ಕೂಡಿಟ್ಟಿರುವ ಹಿಂದೂಸ್ತಾನಿ ಬೈಠಕ್‌ಗಳ ಕ್ಯಾಸೆಟ್‌ಗಳನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆದಿದ್ದು, ಗಂಟೆಯ ಸಂಗೀತಕ್ಕೆ ಸುಮಾರು 2 ಜಿಬಿ ಜಾಗ ಬೇಕಾಗುತ್ತಿದೆ. ಅವುಗಳನ್ನು ಇಡುವ ಸರ್ವರ್‌ಗೆ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮೊದಲೇ ನಿಶ್ಚಯವಾಗಿತ್ತು. ಹಾರ್ಡ್‌ವೇರ್ ಈಗ ಇತ್ಯರ್ಥವಾಗಿದೆ.

ಝಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ದತ್ತಾಂಶದಿಂದ ಲೆಕ್ಕ ಹಾಕಿದ ತಾಳೆಸಂಖ್ಯೆ, ಬರೆದಿಡುವುದರಿಂದ ಡಿಸ್ಕಿನಲ್ಲಿ ಕೆಟ್ಟದ್ದು ಓದುವಾಗ ಸಿಕ್ಕಿಬೀಳುತ್ತದೆ. ಆದರೆ ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ಮೆಮೊರಿಯಲ್ಲಿ ಒಂದು ಬಿಟ್ ಬದಲಾದರೆ, ಕೆಟ್ಟ ದತ್ತಾಂಶಕ್ಕೇ ಒಪ್ಪುವ ಚೆಕ್‌ಸಮ್ ಸಿದ್ಧವಾಗುತ್ತದೆ; ಆಮೇಲೆ ಎಷ್ಟು ಸಲ ಸ್ಕ್ರಬ್ (ಎಲ್ಲ ಬ್ಲಾಕುಗಳನ್ನೂ ಓದಿ ತಾಳೆ ನೋಡುವ ಕೆಲಸ) ನಡೆಸಿದರೂ ದೋಷ ಕಾಣುವುದಿಲ್ಲ. ಇಸಿಸಿ ಮೆಮೊರಿ 64 ಬಿಟ್ ದತ್ತಾಂಶದ ಜೊತೆಗೆ 8 ಬಿಟ್ ಹೆಚ್ಚುವರಿಯಾಗಿ ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ತಿಳಿಸುತ್ತದೆ. ಝಡ್‌ಎಫ್‌ಎಸ್‌ಗೆ ಇದು ಕಡ್ಡಾಯವಲ್ಲ. ಆದರೂ ಮತ್ತೊಮ್ಮೆ ನುಡಿಸಿದರೆ ಹರಿಯಬಹುದಾದ ಟೇಪುಗಳ ಮಟ್ಟಿಗೆ ಈ ಖರ್ಚು ದಂಡವೆನಿಸಲಿಲ್ಲ.

ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಇಸಿಸಿ ಮೆಮೊರಿ ಅಗ್ಗವಾಗಿ ಸಿಗುತ್ತದೆಂದು ಹುಬ್ಬಳ್ಳಿಯ ಗೆಳೆಯರೊಬ್ಬರು ಹೇಳಿದ್ದರು. ಅದು ಬಹುಪಾಲು ರಿಜಿಸ್ಟರ್ಡ್ ಮಾದರಿಯದು, ಅಂದರೆ ಆದೇಶಗಳು ನಡುವಿನ ಒಂದು ರಿಜಿಸ್ಟರ್ ಚಿಪ್ ಮೂಲಕ ಹಾಯುವಂಥದ್ದು. ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿಗೆ ಆ ಚಿಪ್ ಇಲ್ಲದ ಅನ್‌ಬಫರ್ಡ್ ಇಸಿಸಿಯೇ ಬೇಕು. ಹಳೆಯ ಸರ್ವರನ್ನೇ ತರೋಣವೆಂದರೆ ಅದರ ಫ್ಯಾನಿನ ಸದ್ದನ್ನು ಮನೆಯವರು ಒಪ್ಪುವುದಿಲ್ಲ, ವಿದ್ಯುತ್ ಬಿಲ್ಲಿನ ಹೊರೆಯಂತೂ ಬೇರೆ. ಇಂಟೆಲ್‌ನ 12 ಮತ್ತು 13ನೇ ತಲೆಮಾರಿನ ಅನೇಕ ಕೋರ್ ಪ್ರೊಸೆಸರ್‌ಗಳು ಇಸಿಸಿಯನ್ನು ಒಪ್ಪಿದರೂ ಡಬ್ಲ್ಯೂ680 ಚಿಪ್‌ಸೆಟ್ಟಿನ ಬೋರ್ಡ್ ಬೇಕಾಗುತ್ತದೆ. ಅದರ ಬೆಲೆ ನನ್ನ ಲೆಕ್ಕದಾಚೆಗಿತ್ತು. ಡಿಡಿಆರ್5 ಎಂದರೆ ಇಸಿಸಿ ಇದ್ದೇ ಇರುತ್ತದೆ ಎಂಬ ಮಾತೂ ಪೂರ್ಣ ಸತ್ಯವಲ್ಲ: ಅದರ ಆನ್‌-ಡೈ ಇಸಿಸಿ ಚಿಪ್ಪಿನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ, ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ.

ಕೊನೆಗೆ ಎಎಮ್‌ಡಿ ರೈಜೆನ್ 5 ಪ್ರೊ 5650ಜಿ ಆಯ್ದುಕೊಂಡೆ. ಒಳಗೇ ಗ್ರಾಫಿಕ್ಸ್ ಇರುವ ಎಎಮ್4 ಸಾಕೆಟ್ಟಿನ ಪ್ರೊಸೆಸರ್‌ಗಳಲ್ಲಿ ಇಸಿಸಿ ಇರುವುದು ‘ಪ್ರೊ’ ಮಾದರಿಗಳಿಗೆ ಮಾತ್ರ. ಆ ಒಂದು ಶಬ್ದ ಬಿಟ್ಟುಹೋದ ಜಾಹೀರಾತು ನಂಬುವಂಥದ್ದಲ್ಲ. ಬೋರ್ಡನ್ನೂ ತಯಾರಕರ ವಿವರಪುಟದಲ್ಲಿ ಇಸಿಸಿ ಎಂದು ಸ್ಪಷ್ಟವಾಗಿ ಬರೆದಿದ್ದರಿಂದಲೇ ಕೊಂಡೆ.

ಮೆಮೊರಿ ಕೈಗೆ ಬಂದಾಗ ಮೊದಲು ಚಿಪ್ಪುಗಳನ್ನು ಎಣಿಸಿದೆ: ಒಂದು ಬದಿಯಲ್ಲಿ 8ರ ಬದಲು 9. ಜೋಡಿಸಿದ ಮೇಲೆ, ಹಾರ್ಡ್‌ವೇರ್ ವಿವರ ಹೇಳುವ ಡಿಎಂಐಡಿಕೋಡ್ ಆಜ್ಞೆ ಒಟ್ಟು ಅಗಲ 72 ಬಿಟ್, ದತ್ತಾಂಶದ ಅಗಲ 64 ಬಿಟ್ ಎಂದು ತೋರಿಸಿತು. ತಿದ್ದುವ ಕೆಲಸ ನಿಜವಾಗಿ ನಡೆಯುತ್ತಿದೆ ಎನ್ನಲು ಇಷ್ಟು ಸಾಲದು. ಲಿನಕ್ಸ್ ಕರ್ನಲ್ ಲಾಗಿನಲ್ಲಿ ಮೆಮೊರಿ ತಪ್ಪುಗಳನ್ನು ವರದಿ ಮಾಡುವ ಇಡಿಎಸಿ ಚಾಲಕ (ಡ್ರೈವರ್) ಈ ಮೆಮೊರಿಯನ್ನು ಗುರುತಿಸಿದ ಸಾಲು ಕಾಣಬೇಕು. ಅದನ್ನು ನೋಡಿ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದ ಬಳಿಕವೇ ಮಿರರ್‌ಗೆ (ಒಂದೇ ದತ್ತಾಂಶವನ್ನು ಎರಡರಲ್ಲೂ ಇಡುವ ಜೋಡಿಗೆ) ಎರಡು ಡಿಸ್ಕ್ ತರಿಸುತ್ತೇನೆ.