ಲೈನ್ ಶೀಟು: ಇಲ್ಲಿತನ ಏನೇನ್ ಆಗೇದ

ಲೈನ್ ಅನ್ನೋ ಒಂದು ಇಂಗ್ಲಿಷ್ ಶಬ್ದ ನಮ್ಮ ರಾಯಚೂರಾಗ ಎಷ್ಟು ನಮೂನಿ ದುಡೀತದ ಅಂತ ಬರ್ಕೊಳ್ಳೋ ಕೆಲಸ ಇನ್ನಾ ನಡದದ. ಈಗ ನೋಟ್‌ಬುಕ್ ಬಿಟ್ಟು ಎಲ್ಲಾ ಮೊಬೈಲ್ ಶೀಟಿಗೆ ಏರಿಸೀನಿ. ಕಾಲಮ್ ನಾಕೇ, ಯಾರು ಅಂದ್ರು, ಎಲ್ಲಿ ಅಂದ್ರು, ಪೂರಾ ಮಾತು ಏನು, ಅದರ ಬದ್ಲಿ ಬ್ಯಾರೆ ಯಾವ ಶಬ್ದ ಹಾಕಿದ್ರ ನಡೀತದ. ಕೊನೀ ಕಾಲಮ್ಮೇ ಜೀವಾ ತಿನ್ನೋದು. "ಲೈನ್‌ನಾಗ ನಿಂದ್ರು" ಅಂದ್ರ ಪಾಳಿ ಅಂತ ಬರದು ಮುಗಿಸಬೌದು, "ನೀ ಯಾವ ಲೈನ್‌ನಾಗ ಅದಿ ತಮ್ಮಾ" ಅಂತ ಗಂಜ್‌ನಾಗ ಒಬ್ಬ ಕಾಕಾ ಕೇಳಿದ್ರಲ್ಲ, ಅದು ದಂಧೆ, "ಮಗಾ ಈಗ ಲೈನಿಗೆ ಬಂದಾನ" ಅಂದ್ರ ದಾರಿಗೆ ಬಂದಾನ. ಆದ್ರ "ಅವ ಆಕಿಗೆ ಲೈನ್ ಹೊಡೀಲಿಕತ್ಯಾನ" ಅನ್ನೋದಕ್ಕ ಬದ್ಲಿ ಏನ್ ಹಾಕ್ತೀರಿ? ಖಾಲಿ ಬಿಟ್ಟೀನಿ.

ಈ ಸಲ ಜಾಸ್ತಿ ಟೈಮ್ ತಿಂದಿದ್ದು ಲೈನಿಂಗ್. ಮಾನ್ವಿ ಕಡೆ ದೋಸ್ತ ಫೋನ್‌ನಾಗ ತುಂಗಭದ್ರಾ ಎಡದಂಡಿ ಕಾಲುವಿ ಸುದ್ದಿ ಹೇಳ್ತಾ "ಲೈನಿಂಗ್ ಕಿತ್ತೇದಲೇ, ಕೊನೀ ಹೊಲಕ್ಕ ನೀರು ಮುಟ್ಟವಲ್ದು" ಅಂದ, ಅದನ್ನ ಬರ್ಕೊಂಡೆ. ಅದಾದ ಮ್ಯಾಲೆ ಅವ್ವನ ಜೋಡಿ ಟೇಲರ್ ಅಂಗಡಿಗೆ ಹೋದ್ರ ಆತ ಜಂಪರ್ ಬಟ್ಟಿ ಮುಟ್ಟಿ ನೋಡಿ, ಲೈನಿಂಗ್ ಪೀಸ್ ಬ್ಯಾರೆ ತೆಗದಿಟ್ಟು, "ಇದನ್ನ ಮೊದ್ಲು ನೀರಾಗ ನೆನಸಿ ಒಣಗಿಸ್ಕೊಂಡು ಬರ್ರಿ ಅಕ್ಕಾ, ಇಲ್ಲಾಂದ್ರ ಒಗದ ಮ್ಯಾಲೆ ಒಳಗಿಂದು ಕುಗ್ಗಿ ಮ್ಯಾಲಿಂದು ಜೋಲ್ತದ" ಅಂದ. ಕಾಲುವಿ ಒಳಗಿನ ಕಾಂಕ್ರೀಟು, ಜಂಪರ್ ಒಳಗಿನ ಬಟ್ಟಿ, ಎರಡಕ್ಕೂ ಒಂದೇ ಹೆಸರು. ಡಿಕ್ಷನರಿ ತೆಗದ್ರ ಮೂಲ ಬಟ್ಟಿದೇ, ಅರಿವಿ ಒಳಗ ಲಿನನ್ ಹಚ್ಚಿ ಹೊಲೀತಿದ್ರಂತ ಲೈನಿಂಗ್ ಆತು. ಲಿನನ್ ಎಲ್ಲಿಂದು? ಅಗಸಿ ಗಿಡದ ನಾರಿಂದು. ಊರ ಬಾಗಲದ ಅಗಸಿ ಅಲ್ರಿ, ರೊಟ್ಟಿ ಜೋಡಿ ತಿಂತೀವಲ್ಲ ಆ ಅಗಸಿ ಹಿಂಡಿ! ಲ್ಯಾಟಿನ್‌ನಾಗ ಅಗಸಿಗೆ ಲೀನಮ್, ಅದರ ದಾರಕ್ಕ ಲೀನಿಯಾ, ಅಲ್ಲಿಂದನೇ ಲೈನ್. ನಾವು ಬೀಜ ತಿಂದ್ವಿ, ಅವರು ನಾರು ಹೊಸದ್ರು. ಅಂದ್ರ ನನ್ನ ಶೀಟಿನಾಗ ಮೂಲಕ್ಕ ಭಾಳ ಹತ್ರ ಇರೋದು ಅಂಗಳದಾಗ ಅರಿವಿ ಒಣಹಾಕೋ ಹಗ್ಗ, ಅದಕ್ಕ ಇಂಗ್ಲಿಷಿನಾಗ ಲೈನ್ ಅಂತಾರ, ನಮ್ಮ ಮನ್ಯಾಗ ಮಾತ್ರ ಯಾರೂ ಅನ್ನಲ್ಲ, ಹಗ್ಗನೇ.

ರೈಲ್ವೆ ಸಾಲು ತುಂಬಿದ್ದು ಖುಷಿ ಕೊಡ್ತು. ಬೊಂಬಾಯಿ ಕಡಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ ಅನ್ನೋ ರೈಲು ಕಂಪನಿ) ಲೈನು, ಮದ್ರಾಸ್ ಕಡಿಂದ ಬಂದ ಲೈನು 1871ರಾಗ ಕೂಡಿದ್ದು ನಮ್ಮ ರಾಯಚೂರಾಗನೇ. ಕರೆಂಟಿನ ಸಾಲಿಗೂ ಅಂಥದ್ದೇ ಸಿಕ್ಕದ, 2013ರ ಡಿಸೆಂಬರ್ 31ಕ್ಕ 765 ಕೆವಿ ರಾಯಚೂರು-ಸೊಲ್ಲಾಪುರ ಲೈನ್ ಜೋಡಿಸಿದ್ರು, ದಕ್ಷಿಣದ ಗ್ರಿಡ್, ಅಂದ್ರ ಕರೆಂಟ್ ಸಾಗಸೋ ತಂತಿ ಜಾಲ, ದೇಶದ ಉಳಿದ ಗ್ರಿಡ್ ಜೋಡಿ ಕೂಡ್ತು. ಇಷ್ಟೆಲ್ಲಾ ಇದ್ರೂ ಶೀಟಿನಾಗ ಎಲ್ಲಕ್ಕಿಂತ ಜಾಸ್ತಿ ಸಲ ಬಂದಿರೋ ಮಾತು "ಲೈನ್ ಹೋತು", ಅದೂ ಬ್ಯಾಸಿಗ್ಯಾಗ.

ಆನ್‌ಲೈನ್, ಹೆಡ್‌ಲೈನ್ ಸದ್ಯಕ್ಕ ಹೊರಗ ಇಟ್ಟೀನಿ, ಅವು ಇಡೀಗಟ್ಲೆ ಬಂದಾವು, ನಮ್ಮೋರು ಏನೂ ತಿರುವಿಲ್ಲ. ಡೆಡ್‌ಲೈನ್ ಒಂದನ್ನ ತೆಗಿಯಾಕ ಮನಸ್ಸಾಗ್ಲಿಲ್ಲ, ಅಮೆರಿಕಾದ ಅಂತರ್ಯುದ್ಧದಾಗ 1864ರ ಸುಮಾರಿಗೆ ಆಂಡರ್ಸನ್‌ವಿಲ್ ಸೆರೆಮನ್ಯಾಗ ಒಂದು ಗಡಿ ಹಾಕಿದ್ರು, ದಾಟಿದ ಕೈದಿಗೆ ಗುಂಡು, ಅದಕ್ಕ ಆ ಹೆಸರು. ನಮ್ಮ ಆಫೀಸಿನಾಗ ಅದನ್ನ ದಿನಾ ದಾಟ್ತಾರ, ಯಾರಿಗೂ ಏನೂ ಆಗಂಗಿಲ್ಲ.

ಮುಂದಿನ ಕೆಲಸ ನೀರಿನ ಲೈನ್. ಓಣ್ಯಾಗ ಕೆಲವ್ರು ನಳ ಅಂತಾರ, ಕೆಲವ್ರು ಪೈಪ್ ಅಂತಾರ, ನೀರು ಬಿಡೋ ಹುಡುಗ ಮಾತ್ರ "ನಿಮ್ಮ ಲೈನಿಗೆ ನಾಳೆ" ಅಂತಾನ. ಅಲ್ಲಿ ಲೈನ್ ಅಂದ್ರ ಪೈಪೋ, ಓಣಿನೋ, ಪಾಳಿನೋ, ಅವನ್ನೇ ಹಿಡದು ಕೇಳಬೇಕು.