20 ಇದ್ದದ್ದು 18 ಆದ ಸಂಜೆ

ಬೆಳಗಾದರೆ ತಂಗಿಯನ್ನು ಹಿಂದೆ ಕೂರಿಸಿಕೊಂಡು ದೂರದ ಪ್ರಯಾಣ. ಬೈಕಿನ ಹಿಂಬದಿಯ ಗಾಳಿ ಶಾಕ್‌ಗಳಿಗೆ, ಅಂದರೆ ಕುಲುಕಾಟ ತಡೆಯಲು ಒಳಗೆ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್‌ಗಳಿಗೆ, ಎರಡು ದಿನದ ಹಿಂದೆಯೇ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿಟ್ಟಿದ್ದೆ. ಹೊರಡುವ ಮುನ್ನ ಒಮ್ಮೆ ನೋಡಿಬಿಡೋಣ ಎಂದು ಸಂಜೆ ಪಂಪಿನ ಟ್ಯೂಬನ್ನು ವಾಲ್ವಿಗೆ ತಿರುಗಿಸಿ ಕೂರಿಸಿದೆ. ಗೇಜಿನ ಮುಳ್ಳು ಮೇಲೆದ್ದು 18ಕ್ಕೆ ಬಂದು ನಿಂತಿತು. ಎದೆ ಧಸಕ್ಕೆಂದಿತು.

ಎರಡು ಪಿಎಸ್‌ಐಗೆ ಇಷ್ಟು ಗಾಬರಿ ಏಕೆ ಎನ್ನಬಹುದು. ಹಳೆಯ ಪೆಟ್ಟು ಇನ್ನೂ ಮರೆತಿರಲಿಲ್ಲ. ಬೈಕ್ ಕೈಗೆ ಬಂದ ಹೊಸದರಲ್ಲಿ, ಟಯರಿಗೆ ಗಾಳಿ ಹೊಡೆಯುವ ಕಂಪ್ರೆಸರನ್ನೇ ಶಾಕಿಗೂ ಹಚ್ಚಿದ್ದೆ. ಎರಡಕ್ಕೂ ಇರುವುದು ಒಂದೇ ಬಗೆಯ ಶ್ರೇಡರ್ ವಾಲ್ವ್, ಹಾಗಾಗಿ ಪೈಪು ಸಲೀಸಾಗಿ ಕೂತಿತು. ಆದರೆ ಟಯರು ಹಲವು ಲೀಟರ್ ಗಾಳಿ ಹಿಡಿಯುತ್ತದೆ. ಶಾಕಿನೊಳಗೆ ಎಣ್ಣೆಯ ಮೇಲೆ ಗಾಳಿಗೆಂದು ಉಳಿದಿರುವ ಜಾಗ ಒಂದು ಲೋಟದಷ್ಟೂ ಇರುವುದಿಲ್ಲ. ಹಿಡಿಕೆ ಒತ್ತಿ ಬಿಡುವಷ್ಟರಲ್ಲಿ ಒತ್ತಡ ಮಿತಿ ದಾಟಿ ಎಲ್ಲಿಗೋ ಹೋಗಿತ್ತು. ಮಾರನೆಯ ದಿನ ಶಾಕಿನ ರಾಡ್ ಸುತ್ತ ಎಣ್ಣೆಯ ತೆಳ್ಳನೆಯ ಉಂಗುರ ಕಾಣಿಸಿತು. ಬೆರಳಿಗೆ ಜಿಡ್ಡು ಹತ್ತಿದಾಗಲೇ ಸೀಲು ಹೋಯಿತೆಂದು ತಿಳಿದದ್ದು. ಕೊನೆಗೆ ಜೋಡಿ ಶಾಕನ್ನೇ ಬದಲಿಸಬೇಕಾಯಿತು.

ಆಮೇಲೆ ಕೈಪಂಪಿಗೆ ಬಂದೆ. ಮೊದಲು ತಂದದ್ದು ಬೆಟ್ಟದ ಸೈಕಲ್ಲುಗಳ ಶಾಕಿಗೆ ಬಳಸುವ 300 ಪಿಎಸ್‌ಐ ಪಂಪು. ನೋಡಲು ಗಟ್ಟಿಮುಟ್ಟು, ಕೆಲಸವೂ ಚೊಕ್ಕ. ಆದರೆ ನನಗೆ ಬೇಕಾದದ್ದು 20, ಅದರ ಗೇಜಿನ ಗೆರೆಗಳು ಹತ್ತತ್ತಕ್ಕೆ ಒಂದು. ಮುಳ್ಳು ತಳದ ಮೂಲೆ ಬಿಟ್ಟು ಏಳುವುದೇ ಇಲ್ಲ. ಗೇಜಿನ ನಿಖರತೆಯನ್ನು ಸಾಮಾನ್ಯವಾಗಿ ಪೂರ್ತಿ ಅಳತೆಯ ಲೆಕ್ಕದಲ್ಲಿ ಹೇಳುತ್ತಾರೆ. 300ರ ಗೇಜಿಗೆ ಶೇ 2 ವ್ಯತ್ಯಾಸವೆಂದರೆ 6 ಪಿಎಸ್‌ಐ. 150ರ ಹತ್ತಿರ ಅದು ನಡೆದೀತು. 20ರಲ್ಲಿ 6 ಆಚೀಚೆಯಾದರೆ ಅಳೆದೂ ಅಳೆಯದಂತೆ. ಮಣ್ಣಿನ ಹಾದಿಯಲ್ಲಿ ರೇಸಿಗೆ ಓಡುವ ಮೋಟೊಕ್ರಾಸ್ ಬೈಕಿನ ಗಾಳಿ ಫೋರ್ಕ್ (ಮುಂದಿನ ಚಕ್ರದ ಶಾಕ್) ಇರುವವರಿಗೆ ಆ ಪಂಪೇ ಸರಿ, ಡಬ್ಲ್ಯುಪಿ ಕಂಪನಿಯ ಎಇಆರ್ ಫೋರ್ಕಿನಂಥವು 10 ಬಾರ್ ಆಸುಪಾಸು, ಅಂದರೆ 145 ಪಿಎಸ್‌ಐಯಷ್ಟು ಕೇಳುತ್ತವೆ. ಅಲ್ಲಿ ಸ್ಪ್ರಿಂಗಿನ ಕೆಲಸವನ್ನೆಲ್ಲ ಗಾಳಿಯೇ ಮಾಡುತ್ತದೆ. 1980ರ ಹೋಂಡಾ ಗೋಲ್ಡ್ ವಿಂಗ್ ಜಿಎಲ್1100ನಂಥ ಪ್ರಯಾಣದ ಬೈಕುಗಳ ದಾರಿ ಬೇರೆ: ಒಳಗೆ ಉಕ್ಕಿನ ಸ್ಪ್ರಿಂಗ್ ಇದ್ದೇ ಇರುತ್ತದೆ, ಗಾಳಿ ಅದಕ್ಕೆ ಹೆಗಲು ಕೊಡುತ್ತದೆ ಅಷ್ಟೆ. ನನ್ನದೂ ಈ ಜಾತಿಯದೇ. ಹಾಗಾಗಿ ಎರಡನೆಯ ಸಲ 60 ಪಿಎಸ್‌ಐವರೆಗಿನ ಗೇಜಿರುವ ಪಂಪು ಹುಡುಕಿ ತಂದೆ.

ಈ ಸಂಜೆ ಕೈಯಲ್ಲಿದ್ದದ್ದು ಆ ಎರಡನೆಯ ಪಂಪು. ಗೇಜನ್ನು ಅನುಮಾನಿಸುವಂತಿರಲಿಲ್ಲ. ತಣ್ಣಗಾಗಿ ಒತ್ತಡ ಇಳಿದಿರಬಹುದೇ? 20 ಪಿಎಸ್‌ಐಯಲ್ಲಿರುವ ಗಾಳಿ 20 ಡಿಗ್ರಿ ತಣ್ಣಗಾದರೆ ಎರಡಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಆದರೆ ತುಂಬಿಸಿದ್ದೂ ಇಂಥದೇ ತಂಪು ಹೊತ್ತಿನಲ್ಲಿ, ಬೈಕ್ ಓಡಿಸಿಯೂ ಇರಲಿಲ್ಲ. ಉಳಿದದ್ದು ಒಂದೇ, ಹೊಸ ಸೀಲೂ ಸೋರುತ್ತಿದೆ. ಟಾರ್ಚು ಹಿಡಿದು ರಾಡ್ ನೋಡಿದೆ, ಒಣಗಿತ್ತು. ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಟ್ಯೂಬು ಹಾಕಿ ನೋಡಿದೆ. ಈಗ 16ಕ್ಕೆ ಬಂದು ನಿಂತಿತ್ತು.

ತಂಗಿ ಪಕ್ಕದಲ್ಲೇ ಕೂತು ಬ್ಯಾಗು ಕಟ್ಟುತ್ತಿದ್ದಳು. ನಾನು ಟ್ಯೂಬು ಕಳಚಿದಾಗ ಬಂದ ಪುಸ್ಸೆಂಬ ಸದ್ದಿಗೆ ತಲೆಯೆತ್ತಿ ಕೇಳಿದಳು, "ಅಣ್ಣಾ, ಹಾಕುವಾಗ ಆ ಟ್ಯೂಬು ಖಾಲಿ ಇತ್ತಲ್ವಾ? ಈಗ ಪುಸ್ ಅಂತ ಹೋಯ್ತಲ್ಲ, ಆ ಗಾಳಿ ಎಲ್ಲಿಂದ ಬಂತು?"

ನಾನು ಟ್ಯೂಬನ್ನು ಹಿಡಿದುಕೊಂಡೇ ನಿಂತೆ. ಅವಳ ಮಾತು ಅಕ್ಷರಶಃ ಸರಿ. ಟ್ಯೂಬು ಕೂರಿಸುವಾಗ ಅದರೊಳಗೆ ಇರುವುದು ಹೊರಗಿನ ಗಾಳಿ ಮಾತ್ರ. ವಾಲ್ವಿನ ಕಡ್ಡಿ ಒತ್ತಿಕೊಂಡ ಕ್ಷಣಕ್ಕೆ ಶಾಕಿನ ಗಾಳಿ ಹರಿದುಬಂದು ಟ್ಯೂಬು ಮತ್ತು ಗೇಜಿನ ಹೊಟ್ಟೆಯನ್ನು ತುಂಬುತ್ತದೆ. ಟಯರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಶಾಕಿನ ಪುಟ್ಟ ಜಾಗದಲ್ಲಿ ಹತ್ತರಲ್ಲೊಂದು ಪಾಲು ಹೋಗಿಬಿಡುತ್ತದೆ: 20 ಇದ್ದದ್ದು 18, 18 ಇದ್ದದ್ದು 16. ಹಾಗಾದರೆ ಎರಡು ದಿನವೂ ಶಾಕಿನೊಳಗೆ 20 ಅಲ್ಲಾಡದೆ ಇತ್ತು. ಇಳಿಸಿದ್ದು ನನ್ನ ಅಳತೆಯೇ.

ಮನಸ್ಸು ಒಪ್ಪಬೇಕಲ್ಲ, ಇನ್ನೊಮ್ಮೆ ಹಾಕಿ ತೆಗೆದು ನೋಡಿದೆ. ಹದಿನಾಲ್ಕೂವರೆ. ಕ್ಷಣದ ಅಂತರದಲ್ಲೇ ಇಳಿಯಿತು. ಸೋರಿಕೆಯಾಗಿದ್ದರೆ ಎರಡು ದಿನ ಬಿಟ್ಟರೂ ಅಷ್ಟೇ, ಎರಡು ನಿಮಿಷ ಬಿಟ್ಟರೂ ಅಷ್ಟೇ ಇಳಿಯುತ್ತಿರಲಿಲ್ಲ. ಈ ಗುಟ್ಟು ಗೊತ್ತಿಲ್ಲದೆ ಒಳ್ಳೆಯ ಶಾಕನ್ನು ಬಿಚ್ಚಿಸಿದವರು ಎಷ್ಟು ಜನರೋ ಎನಿಸಿ ನಿಜಕ್ಕೂ ಸಂಕಟವಾಯಿತು. ಬೆಳಗಾದರೆ ನಾನೂ ಅದನ್ನೇ ಮಾಡುವವನಿದ್ದೆ, ಪ್ರಯಾಣ ರದ್ದು ಮಾಡುವ ಮಾತು ನಾಲಿಗೆಯ ತುದಿಯಲ್ಲಿತ್ತು.

ಕಳಚುವಾಗ ಬರುವ ಸದ್ದಿನದು ಬೇರೆಯೇ ಕಥೆ. ನನ್ನ ಪಂಪಿನ ತಲೆಯಲ್ಲಿ ಎರಡು ಹಂತವಿದೆ: ಮೊದಲ ತಿರುವಿಗೆ ಕಡ್ಡಿಯ ಮೇಲಿನ ಒತ್ತು ಬಿಟ್ಟು ವಾಲ್ವ್ ಮುಚ್ಚಿಕೊಳ್ಳುತ್ತದೆ, ಆಮೇಲಷ್ಟೇ ತಿರುಪು ಕಳಚುತ್ತದೆ. ಪುಸ್ಸೆಂದು ಹೋಗುವುದು ಟ್ಯೂಬಿನ ಗಾಳಿ ಮಾತ್ರ. ಒಂದೇ ತಿರುಪಿನ ಅಗ್ಗದ ತಲೆಗಳಲ್ಲಿ ಕಡ್ಡಿ ಒತ್ತಿಕೊಂಡಿರುವಾಗಲೇ ತಿರುಪು ಸಡಿಲವಾಗಿ ಶಾಕಿನ ಗಾಳಿಯೂ ಹೋಗುತ್ತದೆ. ಪಂಪು ಕೊಳ್ಳುವವರು ಗರಿಷ್ಠ ಒತ್ತಡದ ಅಂಕಿಗಿಂತ ಮೊದಲು ನೋಡಬೇಕಾದದ್ದು ಈ ತಲೆಯನ್ನು, ಟ್ಯೂಬಿನ ಉದ್ದವನ್ನು. ಟ್ಯೂಬು ಗಿಡ್ಡವಾದಷ್ಟೂ ಕದಿಯುವ ಗಾಳಿ ಕಡಿಮೆ, ಆದರೆ ಪಕ್ಕದ ಪೆಟ್ಟಿಗೆಯ ಹಿಂದೆ ಅಡಗಿದ ವಾಲ್ವಿಗೆ ತಲುಪುವಷ್ಟಾದರೂ ಇರಬೇಕು.

ಆ ರಾತ್ರಿ ಲೆಕ್ಕವನ್ನು ಒತ್ತಡದ ಅಂಕಿಯಿಂದ ಶುರುಮಾಡಲಿಲ್ಲ, ಭಾರಕ್ಕೆ ಬೈಕು ಎಷ್ಟು ಕುಸಿಯುತ್ತದೆಂದು ನೋಡಲು ಟೇಪಿನಿಂದ ಶುರುಮಾಡಿದೆ. ಬೈಕನ್ನು ಎತ್ತಿ ಹಿಂದಿನ ಚಕ್ರ ಪೂರ್ತಿ ಇಳಿಬಿಟ್ಟು ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಬೋಲ್ಟಿನವರೆಗೆ ಅಳೆದೆ. ಆಮೇಲೆ ಬ್ಯಾಗು ಹೇರಿ, ಇಬ್ಬರೂ ಕೂತು, ಅಮ್ಮನ ಕೈಗೆ ಟೇಪು ಕೊಟ್ಟೆ. ನನ್ನ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರ 75 ಮಿಲಿಮೀಟರ್. ಅದರ ಮೂರನೇ ಒಂದು ಪಾಲು, 25ರ ಹತ್ತಿರ ಕುಸಿದರೆ ಹದ. 20 ಪಿಎಸ್‌ಐ ತುಂಬಿಸಿದಾಗ ಕುಸಿತ 31 ಬಂತು. ಇನ್ನೂ ಕೆಲವು ಸಲ ಒತ್ತಿದೆ, ಟ್ಯೂಬು ವಾಲ್ವಿನಲ್ಲಿರುವಂತೆಯೇ. 24 ಪಿಎಸ್‌ಐಗೆ ಹೋದದ್ದನ್ನು ಪಂಪಿನ ಪುಟ್ಟ ಗುಂಡಿ ಒತ್ತಿ ತುಸು ತುಸುವೇ ಇಳಿಸಿದೆ, ಕೆಳಗೆ ಬಟ್ಟೆ ಹಿಡಿದು. ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಅದರ ಜೊತೆ ಎಣ್ಣೆಯ ಹನಿ ಸಿಡಿಯಬಹುದು, ಅದು ಬ್ರೇಕ್ ಡಿಸ್ಕಿಗೋ ಟಯರಿಗೋ ಬಿದ್ದರೆ ಜೀವಕ್ಕೇ ಕುತ್ತು. ಬಟ್ಟೆಯ ಮೇಲೆ ಸಾಸಿವೆಯಷ್ಟು ಎರಡು ಕಲೆ ಬಿದ್ದಿದ್ದವು. ಮುಳ್ಳು 23ರಲ್ಲಿ ನಿಂತಾಗ ಮತ್ತೆ ಕೂತು ಅಳೆಸಿದೆ.

"ಇಪ್ಪತ್ತಾರು," ಎಂದರು ಅಮ್ಮ.

ಟ್ಯೂಬು ಕಳಚಿ, ವಾಲ್ವಿನ ಮುಚ್ಚಳ ಹಾಕಿ, ಪುಸ್ತಕದಲ್ಲಿ "ಇಬ್ಬರು, ಬ್ಯಾಗು ಸಹಿತ: ಕಳಚುವ ಮುನ್ನ 23" ಎಂದು ಬರೆದೆ. ಬೆಳಗ್ಗೆ ಎದ್ದಾಗ ಇನ್ನೊಮ್ಮೆ ನೋಡಿಬಿಡೋಣವೇ ಎಂದು ಕೈ ತುರಿಸಿತು. ಪಂಪನ್ನು ಬ್ಯಾಗಿನ ತಳಕ್ಕೆ ಸೇರಿಸಿ ಹೊರಟೆವು. ಮೊದಲ ದೊಡ್ಡ ಉಬ್ಬು ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದೆವು. ಬೈಕಿನ ಹಿಂಭಾಗ ಮೆಲ್ಲಗೆ ಕುಸಿದು, ಮೆಲ್ಲಗೆ ಎದ್ದಿತು. ತಳ ತಾಗುವ ಆ ಹಳೆಯ ಟಕ್ಕೆಂಬ ಸದ್ದು ಬರಲಿಲ್ಲ.