ಅಕ್ಕನ ಮಡಿಲಲ್ಲಿದ್ದ ಚೌಡಿ

ಕಾರವಾರದ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಬರಬೇಕೆಂದು ಕರೆ ಬಂದಾಗ ವಿಷಯ ಕೇಳಿದ ತಕ್ಷಣ ಒಪ್ಪಿಕೊಂಡೆ. ‘ಹವಾಯಿಯ ದೊಡ್ಡ ದ್ವೀಪ ಭೂಶಾಖದ ವಿದ್ಯುತ್ತನ್ನೇ ನೆಚ್ಚಿಕೊಳ್ಳಬೇಕೆ?’ ಮೂವತ್ತು ವರ್ಷ ಜಲವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡಿದವನಿಗೆ ಇದು ಬಿಡುವ ವಿಷಯವಲ್ಲ. ಶಿರಸಿಯಿಂದ ಬೆಳಗಿನ ಬಸ್ ಹಿಡಿದು, ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಕಾರವಾರ ಮುಟ್ಟಿದೆ.

“ಇಲ್ಲಿಯದೇ ಯೋಜನೆಯನ್ನು ವಿಷಯವಾಗಿ ಕೊಟ್ಟರೆ ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ಹೇಳುತ್ತಾರೆ ಸರ್. ದೂರದ ಊರಾದರೆ ಓದಿಕೊಂಡು ಬರುತ್ತಾರೆ” ಎಂದರು ವಿಷಯ ಆರಿಸಿದ ಅಧ್ಯಾಪಕಿ. ದೂರದ ಊರಾದರೂ ಅಳತೆ ನಮ್ಮದೇ. ಆ ದ್ವೀಪ ಸುಮಾರು 10,400 ಚದರ ಕಿಲೋಮೀಟರ್, ಉತ್ತರ ಕನ್ನಡ ಜಿಲ್ಲೆ ಸುಮಾರು 10,300. ಜನ ಮಾತ್ರ ಅಲ್ಲಿ ಎರಡು ಲಕ್ಷ. ನಮ್ಮಲ್ಲಿ 2011ರ ಗಣತಿಯಲ್ಲೇ ಹದಿನಾಲ್ಕು ಲಕ್ಷ ದಾಟಿದ್ದರು.

ಪರವಾಗಿ ಮೊದಲು ಮಾತನಾಡಿದ ಹುಡುಗ ಚೆನ್ನಾಗಿ ಓದಿದ್ದ. ಪುನಾ ಎಂಬಲ್ಲಿ 1993ರಿಂದ ಭೂಶಾಖ ಕೇಂದ್ರ ನಡೆಯುತ್ತಿದೆ, ಸಾಮರ್ಥ್ಯ 38 ಮೆಗಾವಾಟ್. ಎರಡು ಕಿಲೋಮೀಟರ್ ಆಳದ ಬಾವಿಗಳಿಂದ ಹಬೆ ಮತ್ತು ಬಿಸಿನೀರು ಮೇಲೆ ಬರುತ್ತವೆ. ಆ ಶಾಖದಲ್ಲಿ ಪೆಂಟೇನ್ ಎಂಬ ದ್ರವವನ್ನೂ ಕುದಿಸಿ ಟರ್ಬೈನ್ ತಿರುಗಿಸುತ್ತಾರೆ. ನೀರನ್ನು ಮತ್ತೆ ನೆಲದೊಳಕ್ಕೇ ತಳ್ಳುತ್ತಾರೆ. ಬಿಸಿಲು ಸಂಜೆಗೆ ಇಳಿಯುತ್ತದೆ, ಗಾಳಿ ನಿಲ್ಲುತ್ತದೆ, ಭೂಮಿಯ ಕಾವು ರಾತ್ರಿಯೂ ಆರುವುದಿಲ್ಲ ಎಂದ. ಆ ಮಾತಿಗೆ ನಾನು ತಲೆದೂಗಿದೆ. ಸಂಜೆ ಏಳು ಗಂಟೆಗೆ ಲೋಡ್ ಏರುವುದನ್ನು ಮೀಟರಿನ ಮುಳ್ಳಿನಲ್ಲಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಎದುರು ಪಕ್ಷದವರು 2018ನ್ನು ಎತ್ತಿದರು. ಮೇ 3ರಂದು ಕಿಲಾವೆಯ ಜ್ವಾಲಾಮುಖಿಯ ಬಿರುಕು ಪುನಾದ ಬಡಾವಣೆಯೊಂದರಲ್ಲೇ ಬಾಯಿ ತೆರೆಯಿತು. ಸುಮಾರು ಏಳುನೂರು ಮನೆಗಳು ಹೋದವು. ಕೇಂದ್ರವನ್ನು ನಿಲ್ಲಿಸಿ, ಬೆಂಕಿ ಹತ್ತಬಹುದಾದ ಪೆಂಟೇನನ್ನು ತರಾತುರಿಯಲ್ಲಿ ಸಾಗಿಸಬೇಕಾಯಿತು. ಲಾವಾ ಬಂದು ಕೆಲವು ಬಾವಿಗಳನ್ನೂ ಸಬ್‌ಸ್ಟೇಷನ್ನನ್ನೂ ಮುಚ್ಚಿತು. ಮತ್ತೆ ವಿದ್ಯುತ್ ಹರಿದದ್ದು 2020ರ ನವೆಂಬರಿನಲ್ಲಿ. ದ್ವೀಪಕ್ಕೆ ಕಾಲು ಭಾಗದಷ್ಟು ವಿದ್ಯುತ್ ಕೊಡುತ್ತಿದ್ದ ಯಂತ್ರ ಎರಡೂವರೆ ವರ್ಷ ಸುಮ್ಮನಿತ್ತು. 1991ರಲ್ಲಿ ಕೊರೆಯುತ್ತಿದ್ದ ಬಾವಿಯೊಂದು ಸಿಡಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ 31 ಗಂಟೆ ಹೊರಗೆ ನುಗ್ಗಿದ್ದನ್ನೂ ಹೇಳಿದರು.

ಮೀನುಗಾರರ ಮನೆಯ ಹುಡುಗನೊಬ್ಬ ಸಮುದ್ರವನ್ನೇ ತಂದ. ಮೇಲಿನ ಬೆಚ್ಚಗಿನ ನೀರಿಗೂ ಆಳದ ತಣ್ಣೀರಿಗೂ ಇರುವ ವ್ಯತ್ಯಾಸದಿಂದ ವಿದ್ಯುತ್ ತೆಗೆಯುವ ಪ್ರಯೋಗ ಆ ದ್ವೀಪದ ಕೋನಾ ತೀರದಲ್ಲಿ ನಡೆದಿದೆ, ಆದರೆ 2015ರಲ್ಲಿ ಶುರುವಾದ ಘಟಕವೂ ಬರೀ ನೂರು ಕಿಲೋವಾಟ್ ಚಿಲ್ಲರೆಯದು. “ಅಲ್ಲಿ ದಡದ ಹತ್ತಿರವೇ ಕಡಲು ಆಳಕ್ಕೆ ಬೀಳುತ್ತದೆ. ನಮ್ಮ ಕಾರವಾರದಲ್ಲಿ ಅಂಥ ಆಳ ಸಿಗಬೇಕಾದರೆ ಬೋಟಿನಲ್ಲಿ ಎಷ್ಟೋ ದೂರ ಹೋಗಬೇಕು” ಎಂದ. ಪುಸ್ತಕದಲ್ಲಿ ಓದಿದ್ದನ್ನು ತನ್ನ ಕಡಲಿಗೆ ಅಳೆದು ನೋಡಿದ ಅವನ ಮೇಲೆ ನನಗೆ ಅಭಿಮಾನ ಮೂಡಿತು.

ಒಂದು ಸಂಗತಿಯನ್ನು ಮಾತ್ರ ಯಾರೂ ಹೇಳಲಿಲ್ಲ. ಆ ದ್ವೀಪದ ಗ್ರಿಡ್, ಎಂದರೆ ವಿದ್ಯುತ್ ಜಾಲ, ಒಂಟಿ. ಪಕ್ಕದ ದ್ವೀಪದಿಂದ ತಂತಿ ಇಲ್ಲ. ಅಲ್ಲಿನ ಇಡೀ ಬೇಡಿಕೆ ಇನ್ನೂರು ಮೆಗಾವಾಟಿನ ಒಳಗೆ. ನಮ್ಮ ಕೈಗಾದ ಒಂದೇ ಘಟಕ 220. ಅಂಥ ದೊಡ್ಡ ಯಂತ್ರವನ್ನು ಸಣ್ಣ ಗ್ರಿಡ್ಡಿಗೆ ಜೋಡಿಸಿದರೆ ಅದು ಟ್ರಿಪ್ ಆಗಿ ತಟ್ಟನೆ ನಿಂತ ಗಳಿಗೆಯಲ್ಲಿ ಫ್ರೀಕ್ವೆನ್ಸಿ ಕುಸಿದು ಊರೆಲ್ಲ ಕತ್ತಲಾಗುತ್ತದೆ. ಆದ್ದರಿಂದ ಅಲ್ಲಿಗೆ ಒಪ್ಪುವುದು ಹಲವು ಸಣ್ಣ ಮೂಲಗಳು: ಚಾವಣಿಯ ಬಿಸಿಲು, ಸಂಜೆಗೆ ಬ್ಯಾಟರಿ, ದಕ್ಷಿಣ ತುದಿಯ ಗಾಳಿ, ಜೊತೆಗೆ ಮಿತಿಯಲ್ಲಿರುವ ಭೂಶಾಖ. ನನ್ನ ಅಭಿಪ್ರಾಯ ಅಂದೂ ಇದೇ, ಇಂದೂ ಇದೇ.

ಅಷ್ಟರಲ್ಲಿ ಪೆಲೆಯ ಮಾತು ಬಂತು. ಪೆಲೆ ಅಲ್ಲಿನ ಮೂಲನಿವಾಸಿಗಳ ಜ್ವಾಲಾಮುಖಿ ದೇವತೆ. ನೆಲ ಕೊರೆಯುವುದೆಂದರೆ ಅವಳ ಮೈಯನ್ನು ಕೊರೆದಂತೆ ಎಂದು ಹಲವರು ನಂಬುತ್ತಾರೆ. ಮೊದಲಿನ ಹುಡುಗ ಎದ್ದು, “ದೇವಿಗೆ ಸಿಟ್ಟು ಬರುತ್ತದೆ ಎನ್ನುವವರ ಮನೆಗೆ ಸೀಮೆಎಣ್ಣೆ ಬುಡ್ಡಿ ಕಳಿಸೋಣ” ಎಂದ. ಸಭಾಂಗಣವೆಲ್ಲ ನಕ್ಕಿತು.

ಜೋಯಿಡಾ ಕಡೆಯ ಹುಡುಗಿಯೊಬ್ಬಳು ನಗು ಇಳಿಯುವವರೆಗೆ ಕಾದಳು. 1980ರ ದಶಕದಲ್ಲಿ ಅಲ್ಲಿ 500 ಮೆಗಾವಾಟಿನ ಯೋಜನೆ ಹಾಕಿದ್ದರು, ಸಮುದ್ರದ ತಳದ ಕೇಬಲ್ಲಿನಲ್ಲಿ ವಿದ್ಯುತ್ತನ್ನು ಹೊನೊಲುಲು ನಗರವಿರುವ ಒವಾಹು ದ್ವೀಪಕ್ಕೆ ಒಯ್ಯುವುದು ಉದ್ದೇಶ ಎಂದಳು. ಬಾವಿಗಳಿಗೆ ಆರಿಸಿದ್ದು ವಾವೋ ಕೆಲೆ ಒ ಪುನಾ ಎಂಬ ಮಳೆಕಾಡು. 1990ರಲ್ಲಿ ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು, ಯೋಜನೆ ನಿಂತಿತು. “ಅವರು ದೇವಿಯ ಹೆಸರು ಹೇಳಿದರು. ಅದರೊಳಗೆ ಇನ್ನೊಂದು ಪ್ರಶ್ನೆಯೂ ಇತ್ತು: ಈ ಕರೆಂಟು ಯಾರಿಗೆ? ಈಗಿನ 38 ಮೆಗಾವಾಟ್ ಆ ದ್ವೀಪದಲ್ಲೇ ಉರಿಯುತ್ತದೆ, ಅದನ್ನು ನಾನು ವಿರೋಧಿಸುವುದಿಲ್ಲ” ಎಂದಳು. ತನ್ನ ಪಕ್ಷವನ್ನು ಬಿಟ್ಟುಕೊಟ್ಟಳೆಂದು ನನ್ನ ಪಕ್ಕದ ತೀರ್ಪುಗಾರರು ಅವಳ ಅಂಕ ಕಡಿದರು.

ನನ್ನ ಪೆನ್ನು ಓಡಲಿಲ್ಲ. ಅಕ್ಕನ ನೆನಪಾಗಿತ್ತು.

ಅಕ್ಕನನ್ನು ಕೊಟ್ಟಿದ್ದು ಕಾಳಿ ಕಣಿವೆಯ ಒಂದು ಊರಿಗೆ. ತೊಂಬತ್ತರ ದಶಕದಲ್ಲಿ ಆ ಊರಿಗೆ ಹಿನ್ನೀರು ಬರುವುದೆಂದು ಖಾತ್ರಿಯಾಯಿತು. ಸಾಮಾನು ಸಾಗಿಸುವ ದಿನ ನಾನು ರಜೆ ಹಾಕಿ ಹೋಗಿದ್ದೆ. ಬಾಗಿಲಿನ ದಾರಂದ, ಹಂಚು, ಒರಳುಕಲ್ಲು, ಅಡಿಕೆ ಬೇಯಿಸುವ ಹಂಡೆ ಎಲ್ಲ ಲಾರಿಗೆ ಏರಿದವು. ಅಕ್ಕ ಮಾತ್ರ ಹತ್ತಲಿಲ್ಲ. ತೋಟದ ತುದಿಯಲ್ಲಿ ಸುರಗಿ ಮರದ ಬುಡಕ್ಕೆ ಹೋಗಿ ನಿಂತಳು. ಅಲ್ಲಿ ಚೌಡಿಯ ಕಲ್ಲಿತ್ತು. ಭಾವ ಗುದ್ದಲಿಯಿಂದ ಸುತ್ತಲಿನ ಮಣ್ಣು ಸಡಿಲಿಸಿದರು. ಅಕ್ಕ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಳಿತಳು.

“ಭಾರ ಅಕ್ಕ, ಹಿಂದೆ ಇಡು” ಎಂದೆ.

“ಹಿಂದೆ ಇಟ್ಟರೆ ಘಟ್ಟದ ತಿರುವಿನಲ್ಲಿ ಹೊರಳಾಡುತ್ತಾಳೆ ತಮ್ಮಾ” ಎಂದಳು.

ನನಗೆ ಆಗ ನಗು ಬಂದಿತ್ತು. ಆ ಸಭಾಂಗಣದಲ್ಲಿ ಕುಳಿತು ಅದು ನೆನಪಾದಾಗ ಮುಖ ಬಿಸಿಯಾಯಿತು. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಕೈಗಾ ಎಲ್ಲ ಸೇರಿ ಈ ಒಂದು ನದಿಯ ದಂಡೆಯಲ್ಲಿ ಎರಡು ಸಾವಿರ ಮೆಗಾವಾಟಿಗೂ ಹೆಚ್ಚಿನ ಸಾಮರ್ಥ್ಯವಿದೆ. ಕಾಡಿನ ಮೇಲೆ ಹಾದುಹೋಗುವ ಆ ದೊಡ್ಡ ತಂತಿಗಳಲ್ಲಿ ಎಷ್ಟು ಹರಿಯಿತೆಂದು ನಾನು ಗಂಟೆಗೊಮ್ಮೆ ಲಾಗ್ ಬುಕ್ಕಿನಲ್ಲಿ ಬರೆದಿದ್ದೇನೆ. ಯಾರಿಗೆ ಎಂಬ ಕಲಂ ಅದರಲ್ಲಿ ಇರಲಿಲ್ಲ, ಇರಬೇಕೆಂದು ನನಗೆ ತೋಚಿರಲೂ ಇಲ್ಲ.

ಹುಡುಗಿಗೆ ಒಂಬತ್ತು ಕೊಟ್ಟೆ. ಹುಡುಗನಿಗೆ ಹಾಕಿದ್ದ ಎಂಟೂವರೆಯನ್ನು ಏಳಕ್ಕೆ ಇಳಿಸಿದೆ. ಮೂವರ ಅಂಕ ಕೂಡಿಸಿದಾಗ ಮೊದಲ ಬಹುಮಾನ ಹುಡುಗನಿಗೇ ಬಂತು, ಅವಳಿಗೆ ಎರಡನೆಯದು. ನನಗೆ ಬೇಸರವಾಯಿತು.

ಬಸ್ ನಿಲ್ದಾಣಕ್ಕೆ ಹೊರಟಾಗ ಆ ಹುಡುಗ ಹಿಂದಿನಿಂದ ಓಡಿ ಬಂದ. ಅಂಕಪಟ್ಟಿ ನೋಡಿದ್ದನೇನೋ. “ನನ್ನದು ಎಲ್ಲಿ ತಪ್ಪಿತು ಸರ್?” ಎಂದು ಕೇಳಿದ. ಧ್ವನಿಯಲ್ಲಿ ಗರ್ವವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂರಿಸಿ ಚಹಾ ಹೇಳಿದೆ. ಒಂಟಿ ಗ್ರಿಡ್ಡಿನ ವಿಚಾರ ಹೇಳಿದೆ, ಆಮೇಲೆ ಅಕ್ಕನ ವಿಚಾರ. ಅವನು ಚಹಾ ಮುಟ್ಟದೆ ಕೇಳಿಸಿಕೊಂಡ.

“ಆ ಕಲ್ಲು ಈಗ ಎಲ್ಲಿದೆ ಸರ್?”

“ಯಲ್ಲಾಪುರದ ಕಡೆ, ಅವರಿಗೆ ಕೊಟ್ಟ ಹೊಸ ಜಾಗದಲ್ಲಿ. ಅಕ್ಕ ಅದರ ಪಕ್ಕ ಒಂದು ಸುರಗಿ ಗಿಡ ನೆಟ್ಟಿದ್ದಾಳೆ.”

“ಹೂ ಬಿಟ್ಟಿದೆಯಾ?”

ನಾನು ಎಂದೂ ಕೇಳಿರಲಿಲ್ಲ. ಕುಮಟಾದ ಬಸ್ ಹೊರಡುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ.